ಎರಡು ಸರಾಸರಿಗಳು: ಸುರಂಗ ರೈಲಿನ ಕಾಯುವಿಕೆಯ ಕಥೆ

ಬಸ್ಸಿಗಾಗಿ ಕಾದು ನಿಂತಾಗ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಅರ್ಧ ಗಂಟೆ ಕಳೆದರೂ ಒಂದು ಬಸ್ಸೂ ಬರುವುದಿಲ್ಲ. ಬಂದಾಗ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಮೊದಲನೆಯದರಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎರಡನೆಯದರಲ್ಲಿ ಆಸನಗಳೇ ಖಾಲಿ ಇರುತ್ತವೆ. ತಿಕೋಟಾ, ಬಬಲೇಶ್ವರಗಳಿಂದ ದಿನವೂ ವಿಜಯಪುರಕ್ಕೆ ಓಡಾಡುವ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನನಗೆ ಅದನ್ನು ಯಾರಾದರೂ ಹೇಳಬೇಕಿತ್ತು. ಮೊದಲ ಪಿರಿಯಡ್ಡಿಗೆ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುವ ಹುಡುಗ "ಬಸ್ ಬರಲಿಲ್ರಿ ಸರ್" ಎಂದಾಗ, ಅದು ನೆಪವೆಂದೇ ನಾನು ಬಹುಕಾಲ ನಂಬಿದ್ದೆ. ಬೆಳಗಿನ ಹೊತ್ತು ಗಂಟೆಗೆ ಇಷ್ಟು ಬಸ್ಸುಗಳಿರುವಾಗ ಇವನೊಬ್ಬನಿಗೆ ಬಸ್ಸು ಸಿಗದಿರುವುದು ಹೇಗೆ?

ನನ್ನ ಕಣ್ಣು ತೆರೆಸಿದವನು ಬಬಲೇಶ್ವರದ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ. ಈಗ ಮಹಾನಗರವೊಂದರಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಮನೆಗೆ ಬಂದಿದ್ದ. "ಸರ್, ನೆಲದಾಗ ಓಡೂ ರೈಲಿಗೂ ನಮ್ಮೂರ ಬಸ್ಸಿನ ಗುಣಾನ ಐತ್ರಿ. ಒಂದು ತುಂಬಿ ತುಳುಕತೈತಿ, ಹಿಂದಿಂದು ಖಾಲಿ ಬರತೈತಿ" ಎಂದ. ನಕ್ಕು ಸುಮ್ಮನಾದೆ. ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದಾಗ ನಗು ನಿಂತಿತು. ಆ ಲೆಕ್ಕವನ್ನೂ, ಅದರ ಹಿಂದಿರುವ ನೂರಾರು ವರ್ಷಗಳ ಕಥೆಯನ್ನೂ ಈಗ ನಿಮ್ಮ ಮುಂದಿಡುತ್ತೇನೆ.

ಮೊದಲ ದೂರು: ಉಸಿರಾಡಲು ಗಾಳಿ

ನೆಲದಡಿಯ ಮಾರ್ಗ ನಮ್ಮ ವಿಜಯಪುರಕ್ಕೆ ಹೊಸದಲ್ಲ. ತಿಕೋಟಾದಿಂದ ನಗರಕ್ಕೆ ಬರುವ ಬಸ್ಸು ತೊರವಿಯನ್ನು ದಾಟಿ ಬರುತ್ತದೆ. ಅಲ್ಲಿನ ಸುರಂಗ ಬಾವಡಿಯಿಂದ ಆದಿಲಶಾಹಿ ಕಾಲದಲ್ಲಿ ನೆಲದಡಿ ಸುರಂಗ ಕೊರೆದು ನಗರಕ್ಕೆ ನೀರು ತರಲಾಗಿತ್ತು. ಸುರಂಗದುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂತಹ ಲಂಬ ಕಂಡಿಗಳನ್ನು ಇಳಿಸಿದ್ದರು. ಅಗೆಯುವಾಗ ಮಣ್ಣು, ಕಲ್ಲು ಎತ್ತಲು, ಒಳಗಿಳಿದು ಹೂಳು ತೆಗೆಯುವವರಿಗೆ ಗಾಳಿ, ಬೆಳಕು ಒದಗಿಸಲು ಅವು ಬೇಕಾಗಿದ್ದವು. ನೀರಿಗೆ ಉಸಿರಾಟ ಬೇಕಿಲ್ಲ, ಮನುಷ್ಯನಿಗೆ ಬೇಕು. ನೆಲದಡಿ ನೀರಿನ ಬದಲು ಜನರನ್ನು ಸಾಗಿಸಲು ಹೊರಟವರಿಗೆ ಎದುರಾದ ಮೊದಲ ಸಮಸ್ಯೆಯೂ ಇದೇ.

ಜಗತ್ತಿನ ಮೊದಲ ಸುರಂಗ ರೈಲು ಲಂಡನ್ನಿನಲ್ಲಿ 1863ರ ಜನವರಿ 10ರಂದು ಜನರಿಗೆ ತೆರೆಯಿತು. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಸುಮಾರು 6 ಕಿಲೋಮೀಟರ್ ಮಾರ್ಗ. ಮೊದಲ ದಿನವೇ ಸುಮಾರು 38,000 ಜನ ಪ್ರಯಾಣಿಸಿದರು. ಆದರೆ ಅದನ್ನು ಎಳೆಯುತ್ತಿದ್ದುದು ಉಗಿ ಎಂಜಿನ್! ಮುಚ್ಚಿದ ಸುರಂಗದಲ್ಲಿ ಬೆಂಕಿ, ಹೊಗೆ, ಗಂಧಕದ ಘಾಟು. ಈ ತೊಂದರೆಯನ್ನು ಮೊದಲೇ ಊಹಿಸಿದ್ದ ಎಂಜಿನಿಯರ್ ಜಾನ್ ಫೌಲರ್, ಕಾಯಿಸಿದ ಇಟ್ಟಿಗೆಗಳಲ್ಲಿ ಶಾಖವನ್ನು ಕೂಡಿಟ್ಟುಕೊಂಡು, ಸುರಂಗದೊಳಗೆ ಬೆಂಕಿಯಿಲ್ಲದೆ ಓಡುವ ಎಂಜಿನ್ನನ್ನು ಪರೀಕ್ಷಿಸಿದ್ದರು. ಅದು ಯಶಸ್ವಿಯಾಗಲಿಲ್ಲ, 'ಫೌಲರನ ಭೂತ' ಎಂಬ ಹೆಸರಷ್ಟೇ ಉಳಿಯಿತು. ಕೊನೆಗೆ ಉಗಿಯನ್ನು ನೀರಿನ ತೊಟ್ಟಿಗೆ ಹಾಯಿಸಿ ತಣಿಸುವ ಎಂಜಿನ್‌ಗಳು ಬಂದವು. ಉಗಿಯೇನೋ ತಣಿಯಿತು, ಹೊಗೆ ಉಳಿಯಿತು. ಹೊಗೆ ಹೊರಹೋಗಲು ರಸ್ತೆಯ ಮಟ್ಟದಲ್ಲಿ ಕಂಡಿಗಳನ್ನು ತೆರೆಯಬೇಕಾಯಿತು. ತೊರವಿಯ ಸುರಂಗದ ಕಂಡಿಗಳು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ.

1890ರ ಡಿಸೆಂಬರ್‌ನಲ್ಲಿ ಅದೇ ನಗರದ ಆಳದ ಸುರಂಗದಲ್ಲಿ ವಿದ್ಯುತ್ ರೈಲು ಓಡತೊಡಗಿತು. ಹೊಗೆಯ ದೂರು ತೀರಿತು, ಹೊಸ ದೂರು ಹುಟ್ಟಿತು. ಸುರಂಗದಲ್ಲಿ ನೋಡಲು ಏನಿದೆ ಎಂದು ಬೋಗಿಗಳಿಗೆ ಸರಿಯಾದ ಕಿಟಕಿಗಳನ್ನೇ ಇಟ್ಟಿರಲಿಲ್ಲ. ಜನ ಅವನ್ನು 'ಮೆತ್ತೆ ಹಾಕಿದ ಸೆರೆಕೋಣೆ' ಎಂದು ಹಾಸ್ಯ ಮಾಡಿದರು. ಮುಂದೆ ಶಾಖದ ಸರದಿ. 1900ರ ಸುಮಾರಿಗೆ ಆ ಸುರಂಗಗಳ ಸುತ್ತಲಿನ ಜೇಡಿಮಣ್ಣಿನ ತಾಪ ಸುಮಾರು 14 ಡಿಗ್ರಿ ಸೆಲ್ಸಿಯಸ್ ಇತ್ತು. ಬೇಸಗೆಯಲ್ಲಿ ತಂಪಾಗಿರಲು ಸುರಂಗ ರೈಲಿಗೆ ಬನ್ನಿ ಎಂದು ಆಗ ಜಾಹೀರಾತುಗಳಿದ್ದವು. ನೂರು ವರ್ಷಗಳಲ್ಲಿ ಆ ಮಣ್ಣು 19ರಿಂದ 26 ಡಿಗ್ರಿಯವರೆಗೆ ಕಾದಿದೆ. ಓಡುವ ರೈಲಿನ ಚಲನಶಕ್ತಿ ಪ್ರತಿ ನಿಲ್ದಾಣದಲ್ಲೂ ಬ್ರೇಕಿನಲ್ಲಿ ಶಾಖವಾಗುತ್ತದೆ. ಆ ಶಾಖವನ್ನು ಹೀರಿದ ಜೇಡಿಮಣ್ಣು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬ್ರೇಕ್ ಹಾಕಿದಾಗ ಮೋಟಾರನ್ನೇ ಜನರೇಟರಾಗಿಸಿ ವಿದ್ಯುತ್ತನ್ನು ಮರಳಿ ಪಡೆಯುವ ವಿಧಾನವನ್ನು ಇಂದಿನ ಮೆಟ್ರೊ ರೈಲುಗಳು ಬಳಸುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ದೂರು: ಕಾಯುವಿಕೆ

ಹೊಗೆ ಹೋಯಿತು, ದೀಪ ಬಂತು, ಹಲವೆಡೆ ಬೋಗಿಗಳೂ ತಂಪಾದವು. ಆದರೆ ಒಂದು ದೂರು ಮಾತ್ರ 1863ರಿಂದ ಇಂದಿನವರೆಗೂ ಉಳಿದುಬಂದಿದೆ: ಕಾಯುವುದು, ಬಂದ ರೈಲಿನಲ್ಲಿ ಜಾಗ ಸಿಗದಿರುವುದು. ಹಾಗಾದರೆ ರೈಲುಗಳನ್ನು ಒಂದರ ಹಿಂದೆ ಒಂದು ಬಿಡುತ್ತಲೇ ಇರಬಾರದೇಕೆ?

ಇಲ್ಲಿ ಭೌತವಿಜ್ಞಾನ ಅಡ್ಡ ಬರುತ್ತದೆ. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ನಿಂತ ಪ್ರಯಾಣಿಕರು ಬೀಳದಂತೆ ಸೆಕೆಂಡಿಗೆ 1 ಮೀಟರ್‌ನಂತೆ ವೇಗ ತಗ್ಗಿಸಿದರೆ, ರೈಲು ನಿಲ್ಲಲು 22 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು 240 ಮೀಟರ್ ಸಾಗಿರುತ್ತದೆ. ಆದ್ದರಿಂದ ಮುಂದಿನ ರೈಲಿಗೂ ಹಿಂದಿನದಕ್ಕೂ ನಡುವೆ ಇಷ್ಟು ಅಂತರ ಇರಲೇಬೇಕು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಹಳಿಗಳನ್ನೇ ವಿದ್ಯುನ್ಮಂಡಲವಾಗಿಸಿ, ಒಂದು ಖಂಡದಲ್ಲಿ ರೈಲು ಇದೆಯೇ ಇಲ್ಲವೇ ಎಂದು ತಾನಾಗಿ ತಿಳಿಯುವ ಏರ್ಪಾಡು ಮಾಡಿದರು. 1968ರಲ್ಲಿ ತೆರೆದ ಲಂಡನ್ನಿನ ವಿಕ್ಟೋರಿಯಾ ಮಾರ್ಗದಲ್ಲಿ ರೈಲುಗಳು ಸ್ವಯಂಚಾಲಿತವಾಗಿ ಓಡತೊಡಗಿದವು. ಇಂದು ಜಗತ್ತಿನ ಅತ್ಯಂತ ದಟ್ಟ ಮಾರ್ಗಗಳಲ್ಲಿ ಸುಮಾರು 90 ಸೆಕೆಂಡಿಗೆ ಒಂದರಂತೆ ರೈಲು ಬಿಡಬಹುದು. ಅಂದರೆ ಗಂಟೆಗೆ 40 ರೈಲು.

ಈ 90 ಸೆಕೆಂಡಿನಲ್ಲಿ ಸುಮಾರು 30 ಸೆಕೆಂಡು ನಿಲ್ದಾಣದಲ್ಲಿ ಕಳೆಯುತ್ತದೆ. ಮುಚ್ಚುವ ಬಾಗಿಲಿಗೆ ಯಾರೋ ಚೀಲ ಅಡ್ಡ ಕೊಟ್ಟರೆಂದು 10 ಸೆಕೆಂಡು ಹೆಚ್ಚಾಯಿತೆನ್ನಿ. ಪ್ರತಿ ರೈಲಿಗೂ ಹೀಗಾದರೆ 90 ಸೆಕೆಂಡು 100 ಆಗುತ್ತದೆ, 40 ರೈಲು 36 ಆಗುತ್ತವೆ. ಒಂದು ರೈಲಿಗೆ 1,500 ಜನರೆಂದು ಹಿಡಿದರೂ ಗಂಟೆಗೆ 6,000 ಜನರ ಜಾಗ ಆ ಹತ್ತು ಸೆಕೆಂಡಿನಲ್ಲಿ ಮಾಯ!

ತಡವಾದದ್ದು ಇನ್ನೂ ತಡವಾಗುತ್ತದೆ

ಇನ್ನೂ ಸೂಕ್ಷ್ಮವಾದ ಸಮಸ್ಯೆಯೊಂದಿದೆ. ಒಂದು ರೈಲು ಹೇಗೋ ಸ್ವಲ್ಪ ತಡವಾಯಿತೆನ್ನೋಣ. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತಲು ಹೆಚ್ಚು ಹೊತ್ತು ಬೇಕು. ಹೀಗಾಗಿ ರೈಲು ಇನ್ನಷ್ಟು ತಡವಾಗುತ್ತದೆ. ಅದರ ಹಿಂದಿನ ರೈಲಿಗೆ ಜನ ಕಡಿಮೆ, ಅದು ಬೇಗ ಹೊರಟು ಮುಂದಿನದರ ಬಾಲ ಹಿಡಿಯುತ್ತದೆ. ಬಸ್ಸುಗಳು ಕೂಡಿಯೇಬಿಡುತ್ತವೆ. ರೈಲುಗಳನ್ನು ಸಿಗ್ನಲ್ ತಡೆಯುವುದರಿಂದ ಅವು ಸುರಂಗದ ನಡುವೆ ನಿಲ್ಲುತ್ತವೆ. ಯಾರ ಸೋಮಾರಿತನವೂ ಇದಕ್ಕೆ ಬೇಕಿಲ್ಲ. ತುದಿಯ ಮೇಲೆ ನಿಲ್ಲಿಸಿದ ಪೆನ್ಸಿಲ್ ಬೀಳಲು ಯಾರೂ ತಳ್ಳಬೇಕಿಲ್ಲವಲ್ಲ, ಸಮ ಅಂತರವೂ ಹಾಗೆಯೇ ಅಸ್ಥಿರ ಸಮತೋಲ.

1964ರಲ್ಲಿ ಜಿ. ಎಫ್. ನ್ಯೂವೆಲ್ ಮತ್ತು ಆರ್. ಬಿ. ಪಾಟ್ಸ್ ಎಂಬಿಬ್ಬರು ಬಸ್ಸುಗಳ ವಿಷಯದಲ್ಲಿ ಇದನ್ನು ಗಣಿತದಿಂದ ತೋರಿಸಿಕೊಟ್ಟರು. ಆದರೆ ಸುರಂಗ ರೈಲನ್ನು ನಡೆಸುವವರಿಗೆ ಅಂತರದ ಮಹತ್ವ ಅದಕ್ಕೂ ಮೊದಲೇ ತಿಳಿದಿತ್ತು. 1929ರಲ್ಲಿ ಸಿದ್ಧವಾದ ಲಂಡನ್ನಿನ ಸುರಂಗ ರೈಲಿನ ಕೇಂದ್ರ ಕಚೇರಿಯಲ್ಲಿ, ಒಂದೊಂದು ಮಾರ್ಗಕ್ಕೂ ಒಂದರಂತೆ ಗಡಿಯಾರಗಳನ್ನು ಗೋಡೆಗೆ ಹಾಕಿದ್ದರು. ರೈಲು ಹಾದುಹೋದಂತೆಲ್ಲ ಕಾಗದದ ಬಿಲ್ಲೆಯ ಮೇಲೆ ಗುರುತು ಬೀಳುತ್ತಿತ್ತು. ಗುರುತುಗಳು ಸಮವಾಗಿದ್ದರೆ ಎಲ್ಲ ಸರಿ. ಅಲ್ಲಿ ನೋಡಬೇಕಾದದ್ದು ಎಷ್ಟು ರೈಲು ಓಡಿದವು ಎಂಬುದನ್ನಷ್ಟೇ ಅಲ್ಲ, ಅವುಗಳ ನಡುವಿನ ಬಿಡುವನ್ನು.

ಎರಡು ಸರಾಸರಿಗಳು

ಈಗ ನನ್ನ ನಗು ನಿಲ್ಲಿಸಿದ ಲೆಕ್ಕಕ್ಕೆ ಬರೋಣ. ಗಂಟೆಗೆ 6 ವಾಹನಗಳು, ಹತ್ತು ನಿಮಿಷಕ್ಕೊಂದರಂತೆ ಬಂದರೆ, ಹೊತ್ತು ನೋಡದೆ ಬಂದ ಪ್ರಯಾಣಿಕ ಸರಾಸರಿ 5 ನಿಮಿಷ ಕಾಯುತ್ತಾನೆ. ಅದೇ 6 ವಾಹನಗಳು ಜೋಡಿಜೋಡಿಯಾಗಿ, ಒಮ್ಮೆ 2 ನಿಮಿಷ, ಮತ್ತೊಮ್ಮೆ 18 ನಿಮಿಷದ ಅಂತರದಲ್ಲಿ ಬಂದರೆ? ಅಂತರದ ಸರಾಸರಿ ಆಗಲೂ 10 ನಿಮಿಷವೇ. ಆದರೆ ಪ್ರತಿ 20 ನಿಮಿಷದಲ್ಲಿ 18 ನಿಮಿಷ ದೊಡ್ಡ ಅಂತರದ ಪಾಲು. ಆದ್ದರಿಂದ ಹತ್ತು ಪ್ರಯಾಣಿಕರಲ್ಲಿ ಒಂಬತ್ತು ಮಂದಿ ಅದರಲ್ಲೇ ಸಿಕ್ಕಿಬಿದ್ದು ಸರಾಸರಿ 9 ನಿಮಿಷ ಕಾಯುತ್ತಾರೆ. ಒಬ್ಬ ಮಾತ್ರ ಸರಾಸರಿ 1 ನಿಮಿಷ ಕಾಯುತ್ತಾನೆ. ಒಟ್ಟು ಸರಾಸರಿ 8.2 ನಿಮಿಷ. ಒಂದು ವಾಹನವೂ ಕಡಿಮೆಯಾಗಿಲ್ಲ, ಕಾಯುವಿಕೆ ಮಾತ್ರ ಐದರಿಂದ ಎಂಟು ದಾಟಿತು.

ನೂಕುನುಗ್ಗಲಿನ ಲೆಕ್ಕವೂ ಹೀಗೆಯೇ. ನಿಮಿಷಕ್ಕೆ 10 ಜನ ಬರುತ್ತಾರೆನ್ನಿ. 18 ನಿಮಿಷದ ನಂತರ ಬಂದ ರೈಲಿಗೆ 180 ಜನ, 2 ನಿಮಿಷದ ನಂತರದ್ದಕ್ಕೆ 20 ಜನ. ರೈಲು ನಡೆಸುವ ಅಧಿಕಾರಿ ರೈಲುಗಳನ್ನು ಎಣಿಸುತ್ತಾರೆ: ಎರಡು ರೈಲು, 200 ಜನ, ಸರಾಸರಿ ನೂರು, ತೊಂದರೆಯೇ ಇಲ್ಲ. ಆದರೆ ಇಳಿದ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಕೇಳಿ ನೋಡಿ. 180 ಮಂದಿ "ರೈಲಿನಲ್ಲಿ 180 ಜನ ಇದ್ದರು" ಎನ್ನುತ್ತಾರೆ, 20 ಮಂದಿ "20 ಜನ ಇದ್ದರು" ಎನ್ನುತ್ತಾರೆ. ಈ ಉತ್ತರಗಳ ಸರಾಸರಿ 164! ಅಧಿಕಾರಿಯ ಮಾತೂ ನಿಜ, ಪ್ರಯಾಣಿಕನ ಮಾತೂ ನಿಜ. ಒಬ್ಬರು ಎಣಿಸಿದ್ದು ವಾಹನಗಳ ಸರಾಸರಿ, ಇನ್ನೊಬ್ಬರು ಅನುಭವಿಸಿದ್ದು ಜನರ ಸರಾಸರಿ. ಜಗಳ ಹುಟ್ಟುವುದು ಈ ಎರಡರ ನಡುವೆ.

ಬೆಂಗಳೂರಿನಿಂದ ತಿಕೋಟಾದವರೆಗೆ

ಭಾರತದ ಮೊದಲ ಸುರಂಗ ರೈಲು ಕೋಲ್ಕತ್ತದಲ್ಲಿ 1984ರ ಅಕ್ಟೋಬರ್ 24ರಂದು ಆರಂಭವಾಯಿತು. 2002ರಲ್ಲಿ ದೆಹಲಿ ಮೆಟ್ರೊ, 2011ರ ಅಕ್ಟೋಬರ್ 20ರಂದು ಬೆಂಗಳೂರಿನ 'ನಮ್ಮ ಮೆಟ್ರೊ' ಬಂದವು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್, ವಿಧಾನಸೌಧ, ಮೆಜೆಸ್ಟಿಕ್‌ಗಳ ಅಡಿಯಲ್ಲಿ ಹಾಯುವ ಸುಮಾರು 4.8 ಕಿ.ಮೀ. ಸುರಂಗ ಮಾರ್ಗ 2016ರ ಏಪ್ರಿಲ್ ಕೊನೆಯಲ್ಲಿ ತೆರೆಯಿತು. ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಅದು. ಆರಂಭದಲ್ಲಿ ಮೂರು ಬೋಗಿಗಳಿದ್ದ ರೈಲುಗಳಿಗೆ ಬದಲಾಗಿ 2018ರಿಂದ ಆರು ಬೋಗಿಗಳ ರೈಲುಗಳು ಬರತೊಡಗಿದವು.

2025ರ ಆಗಸ್ಟ್‌ನಲ್ಲಿ ಅಲ್ಲಿಯ ಹಳದಿ ಮಾರ್ಗ ತೆರೆದಾಗ ಕೈಯಲ್ಲಿದ್ದುದು ಮೂರೇ ರೈಲು, ಅಂತರ 25 ನಿಮಿಷ. ಈ 25 ಎಲ್ಲಿಂದ ಬಂತು? ಹೋಗಿ, ತಿರುಗಿ, ಮತ್ತೆ ಹೊರಡಲು ಒಂದು ರೈಲಿಗೆ ಬೇಕಾಗುವ ಹೊತ್ತನ್ನು ರೈಲುಗಳ ಸಂಖ್ಯೆಯಿಂದ ಭಾಗಿಸಿದರೆ ಅಂತರ ಸಿಗುತ್ತದೆ. 75 ನಿಮಿಷದ ಸುತ್ತಿಗೆ ಮೂರು ರೈಲಾದರೆ 25. ಹೊಸ ರೈಲುಗಳು ಸೇರಿದಂತೆ ಅಂತರ ಇಳಿಯಿತು. ಇದು ಅಂತರದ ಗಾತ್ರದ ಮಾತು. ಅದನ್ನು ಸಮವಾಗಿ ಕಾಯ್ದುಕೊಳ್ಳುವುದು ಬೇರೆಯೇ ಕೆಲಸ.

ನಮ್ಮ ತಿಕೋಟಾ, ಬಬಲೇಶ್ವರಗಳು 2018ರಲ್ಲಿ ತಾಲ್ಲೂಕುಗಳಾದವು. ಆದರೂ ಕಾಲೇಜು, ಆಸ್ಪತ್ರೆ, ಕೋರ್ಟುಗಳಿಗೆಂದು ಜನ ನಗರಕ್ಕೆ ಬರುತ್ತಲೇ ಇದ್ದಾರೆ. ತೊರವಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗಿಯರೂ ಇದೇ ರಸ್ತೆಯಲ್ಲಿ ಕಾಯುತ್ತಾರೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದ ಮೇಲೆ ಹತ್ತುವವರು ಹೆಚ್ಚಿದ್ದಾರೆ. ಅದು ಒಳ್ಳೆಯದೇ. ಆದರೆ ಹತ್ತುವವರು ಹೆಚ್ಚಿದಷ್ಟೂ ನಿಲುಗಡೆಯ ಹೊತ್ತು ಹೆಚ್ಚುತ್ತದೆ, ಬಸ್ಸುಗಳು ಜೋಡಿಯಾಗುವ ಸಾಧ್ಯತೆಯೂ ಹೆಚ್ಚುತ್ತದೆ. ಕಾದು ಬೇಸತ್ತವರು ಹತ್ತು ರೂಪಾಯಿ ಹೆಚ್ಚು ಹೋದರೆ ಹೋಗಲಿ ಎಂದು ಟಂಟಂ ಹತ್ತುತ್ತಾರೆ. ಆ ಹಣವೂ ಇಲ್ಲದವರು ಮೊದಲ ಪಿರಿಯಡ್ ಕಳೆದುಕೊಳ್ಳುತ್ತಾರೆ.

ಇದಕ್ಕೆ ಮದ್ದು ಇದೆಯೇ? ಇದೆ, ಮತ್ತು ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಕೂಡಿ ಬಂದ ಎರಡು ಬಸ್ಸುಗಳಲ್ಲಿ ಹಿಂದಿನದನ್ನು ಆರಂಭದ ನಿಲ್ದಾಣದಲ್ಲಿ ಕೆಲವು ನಿಮಿಷ ತಡೆದು ಬಿಡುವುದು, ಸುತ್ತಿನ ಕೊನೆಯಲ್ಲಿ ತಡ ತುಂಬಿಕೊಳ್ಳಲು ಸ್ವಲ್ಪ ಬಿಡುವು ಇಡುವುದು. ಸುರಂಗ ರೈಲಿನ ನಿಯಂತ್ರಣ ಕೊಠಡಿಗಳಲ್ಲಿ ದಿನವೂ ನಡೆಯುವುದು ಇದೇ ಕೆಲಸ. ತಡೆದ ಬಸ್ಸಿನಲ್ಲಿ ಕುಳಿತವರಿಗೆ ಕೋಪ ಬರುತ್ತದೆ ನಿಜ. ಆದರೆ ಮುಂದೆ ಕಾಯುತ್ತಿರುವವರು ಅವರಿಗಿಂತ ಹೆಚ್ಚು ಜನ.

ನೀವೇ ಅಳೆದು ನೋಡಿ. ಒಂದು ಗಡಿಯಾರ, ಒಂದು ನೋಟ್‌ಬುಕ್ ಸಾಕು. ಬೆಳಗ್ಗೆ ಒಂದು ಗಂಟೆ ನಿಮ್ಮೂರ ನಿಲ್ದಾಣದಲ್ಲಿ ನಿಂತು, ಬಸ್ಸು ಬಂದ ಹೊತ್ತನ್ನು ಬರೆದುಕೊಳ್ಳಿ. ಅಂತರಗಳು 5, 35, 5, 15 ನಿಮಿಷ ಎಂದಾದರೆ, ಪ್ರತಿಯೊಂದರ ವರ್ಗ ಮಾಡಿ ಕೂಡಿಸಿ: 1,500. ಅದನ್ನು ಅಂತರಗಳ ಮೊತ್ತದ ಎರಡರಷ್ಟರಿಂದ, ಅಂದರೆ 120ರಿಂದ ಭಾಗಿಸಿ: 12.5 ನಿಮಿಷ. ಅದೇ ನಾಲ್ಕು ಬಸ್ಸುಗಳು ಸಮನಾಗಿ ಬಂದಿದ್ದರೆ 7.5 ನಿಮಿಷ. ಈ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಅರ್ಜಿಯಲ್ಲಿ ಬರೆಯಿರಿ. "ಬಸ್ಸು ಸಾಲುತ್ತಿಲ್ಲ" ಎಂಬ ದೂರಿಗೆ ಬಸ್ಸುಗಳ ಪಟ್ಟಿ ಉತ್ತರವಾಗಬಹುದು, ಈ ಲೆಕ್ಕಕ್ಕೆ ಆ ಪಟ್ಟಿ ಉತ್ತರವಾಗಲಾರದು.

ನನ್ನ ಹಳೆಯ ಹಾಜರಿ ಪುಸ್ತಕಗಳಲ್ಲಿ ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗುರುತುಗಳಿವೆ. ಅವುಗಳಲ್ಲಿ ಎಷ್ಟೋ ಮಂದಿ ಆ ಹದಿನೆಂಟು ನಿಮಿಷದ ಅಂತರದಲ್ಲಿ ಸಿಕ್ಕಿಬಿದ್ದವರಿರಬೇಕು. ಈಗ ಯಾರಾದರೂ ಬಾಗಿಲಲ್ಲಿ ನಿಂತು "ಬಸ್ ಬರಲಿಲ್ರಿ ಸರ್" ಎಂದರೆ, ಒಳಗೆ ಕರೆದು ಕೂರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: "ಹಿಂದಿನ ಬಸ್ಸು ಎಷ್ಟಕ್ಕೆ ಹೋಗಿತ್ತು?"