ಸಚಿವರ ಕಿವಿ, ಕೇಳುಗರ ಮುಳ್ಳು

1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಧ್ರುಪದ್ ಕಲಿತವರು. ಸಿನಿಮಾ ಹಾಡೆಂದರೆ ಅವರಿಗೆ ಆಗದು. ಜನರ ಅಭಿರುಚಿ ಕೆಡುತ್ತಿದೆ ಎಂಬ ಕೊರಗು. ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕತ್ತರಿ ಬಿತ್ತು. ಹಾಡಿನ ಜೊತೆ ಚಿತ್ರದ ಹೆಸರು ಹೇಳಿದರೆ ಅದೂ ಜಾಹೀರಾತೇ ಎಂಬ ತಕರಾರು ಬೇರೆ. ನಿರ್ಮಾಪಕರು ಮುನಿಸಿಕೊಂಡು ಹಾಡುಗಳ ಪ್ರಸಾರಕ್ಕೆ ಕೊಟ್ಟಿದ್ದ ಪರವಾನಗಿ ಹಿಂತೆಗೆದುಕೊಂಡರು.

ಕೇಳುಗರು ಬೀದಿಗಿಳಿಯಲಿಲ್ಲ. ರೇಡಿಯೊದ ಮುಳ್ಳು ತಿರುಗಿಸಿದರು, ಅಷ್ಟೆ.

ಮುಳ್ಳು ನಿಂತದ್ದು ರೇಡಿಯೊ ಸಿಲೋನಿನ ಮೇಲೆ. ಅದೇ ವರ್ಷದ ಕೊನೆಗೆ ಅಲ್ಲಿ ಅಮೀನ್ ಸಯಾನಿ ನಿರೂಪಣೆಯ, ಚಿತ್ರಗೀತೆಗಳ 'ಬಿನಾಕಾ ಗೀತ್‌ಮಾಲಾ' ಶುರುವಾಯಿತು. ಒಂದು ಟೂತ್‌ಪೇಸ್ಟ್ ಹೆಸರಿನ ಕಾರ್ಯಕ್ರಮಕ್ಕಾಗಿ ಬುಧವಾರ ಸಂಜೆ ಊರೂರೇ ಕಿವಿಯಾಯಿತು, ಕೇಳುಗರ ಕಾಗದಗಳು ಸಾವಿರಗಟ್ಟಲೆ ಬಂದು ಬಿದ್ದವು. ಹೊರದೇಶದ ನಿಲಯ ಲಾಭ ಮಾಡಿಕೊಳ್ಳುವುದನ್ನು ದೆಹಲಿ ಐದು ವರ್ಷ ನೋಡಿತು. 1957ರ ಅಕ್ಟೋಬರ್ 3ರಂದು ಚಿತ್ರಗೀತೆಗಳಿಗೆ ಜಾಗ ಕೊಟ್ಟ ಆಕಾಶವಾಣಿಯದೇ ವಿವಿಧ ಭಾರತಿ ಆರಂಭವಾದಾಗ ಸಚಿವರು ಅದೇ ಕೇಸ್ಕರ್!

ಕೇಸ್ಕರ್ ಅವರದ್ದು ಅಭಿರುಚಿಯ ಹಟ. 1976ರಲ್ಲಿ ನಡೆದದ್ದು ಶುದ್ಧ ಸೇಡು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರದ 20 ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಕೈಜೋಡಿಸದ ಗಾಯಕ ಕಿಶೋರ್ ಕುಮಾರ್ ಹಾಡುಗಳು ಆಕಾಶವಾಣಿ, ದೂರದರ್ಶನ ಎರಡರಿಂದಲೂ ಮಾಯವಾದವು. ಆಗ ಸಚಿವರು ವಿ.ಸಿ. ಶುಕ್ಲ. ಮುಂದೆ ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಕಡತಕ್ಕೆ ಈ ಪ್ರಕರಣವೂ ಸೇರಿತು.