ಒಂದು ಕಂಪ್ಯೂಟರ್, ಮೂವತ್ತು ಜನ (ಓಎಸ್ ಕಥೆ, ಭಾಗ 2)

"ಬಿಕಾಂ ಓದೋಳಿಗೆ ಆಪರೇಟಿಂಗ್ ಸಿಸ್ಟಮ್ ಯಾಕಮ್ಮಾ?" ಹೋದ ಪೋಸ್ಟಿಗೆ ಬಂದ ಕಮೆಂಟ್ ಇದು. ಹೇಳ್ತೀನಿ ಓದಿ. ಈ ಕಥೆ ಶುರುವಾಗಿದ್ದೇ ಖರ್ಚಿನ ಲೆಕ್ಕದಿಂದ.

1950ರ ದಶಕದ ಅಮೆರಿಕ. ಕಂಪ್ಯೂಟರ್ ಅಂದ್ರೆ ಇಡೀ ಕೋಣೆ ತುಂಬೋ ಯಂತ್ರ, ಬೆಲೆ ಲಕ್ಷಾಂತರ ಡಾಲರ್. ಒಬ್ಬರ ಕೆಲಸ ಮುಗಿದು ಇನ್ನೊಬ್ಬರು ಕಾರ್ಡು, ಟೇಪು ಜೋಡಿಸಿಕೊಳ್ಳೋವರೆಗೂ ಅದು ಸುಮ್ನೆ ಕೂತಿರ್ತಿತ್ತು. ನಮ್ಮ ಕಾಸ್ಟ್ ಅಕೌಂಟಿಂಗ್‌ನಲ್ಲಿ ಇದಕ್ಕೆ ಐಡಲ್ ಟೈಮ್ ಅಂತಾರೆ. ನಿಂತ ಯಂತ್ರಕ್ಕೂ ದುಡ್ಡು ಹೋಗ್ತಾನೇ ಇರುತ್ತೆ. 1956ರಲ್ಲಿ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸೇರಿ ಐಬಿಎಂ 704 ಯಂತ್ರಕ್ಕೆ ಒಂದು ಪ್ರೋಗ್ರಾಂ ಬರೆದ್ರು. ಒಂದು ಕೆಲಸ ಮುಗಿದ ತಕ್ಷಣ ಮುಂದಿನದನ್ನು ತಾನೇ ಎತ್ತಿಕೊಳ್ಳುವುದು ಅದರ ಕೆಲಸ. ಇಂಜಿನಿಯರಿಂಗ್ ಗೆಳೆಯರೇ, ನಿಮ್ಮ ಪುಸ್ತಕದಲ್ಲಿ ಬ್ಯಾಚ್ ಪ್ರೊಸೆಸಿಂಗ್ ಅಂತ ಬರೋದು ಇದೇ.

ಯಂತ್ರದ ಸಮಯ ಉಳೀತು. ಮನುಷ್ಯರದ್ದು? ಕಾರ್ಡುಗಳ ಕಟ್ಟು ಕೊಟ್ಟು ಗಂಟೆಗಟ್ಟಲೆ ಕಾಯಬೇಕು. ಕೊನೆಗೆ ಒಂದು ಕಾಮಾ ತಪ್ಪಿದೆ ಅಂತ ಗೊತ್ತಾದ್ರೆ ಮತ್ತೆ ಸಾಲಿನ ಕೊನೆಗೆ.

ಎಂಐಟಿಯ ಫರ್ನಾಂಡೊ ಕಾರ್ಬಟೊ ಇದನ್ನು ತಿರುಗಿಸಿ ಯೋಚಿಸಿದ್ರು. ಯಂತ್ರಕ್ಕೆ ವೇಗ ಜಾಸ್ತಿ, ಮನುಷ್ಯ ನಿಧಾನ. ಒಬ್ಬರು ಯೋಚನೆ ಮಾಡ್ತಾ ಕೂತಿರುವಾಗ ಯಂತ್ರ ಇನ್ನೊಬ್ಬರ ಕೆಲಸ ಮಾಡಬಹುದಲ್ವಾ? 1961ರ ನವೆಂಬರ್‌ನಲ್ಲಿ ಅವರ ತಂಡ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆಯನ್ನು ಮೊದಲ ಸಲ ತೋರಿಸಿತು. ಮುಂದೆ ಐಬಿಎಂ 7094ರ ಮೇಲೆ ಸುಮಾರು 30 ಜನ ಒಟ್ಟಿಗೆ ಕೆಲಸ ಮಾಡೋಕಾಯ್ತು. ಪ್ರತಿಯೊಬ್ಬರಿಗೂ ಯಂತ್ರ ತನ್ನದೇ ಅನ್ನಿಸ್ತಿತ್ತು.

ಹೇಗೆ? ಗಡಿಯಾರದ ಸಂಕೇತ ಬಂದಾಗ ನಡೀತಿರೋ ಪ್ರೋಗ್ರಾಂ ನಿಲ್ಲುತ್ತೆ. ಅದು ಎಲ್ಲಿಗೆ ಬಂದಿತ್ತು ಅನ್ನೋದನ್ನ ಬರೆದಿಟ್ಟುಕೊಂಡು ಮುಂದಿನವರಿಗೆ ಸರದಿ ಕೊಡುತ್ತೆ. ಮೆಮೊರಿಯ ಅರ್ಧ ಭಾಗ ಮೇಲ್ವಿಚಾರಕ ಪ್ರೋಗ್ರಾಂಗೇ ಮೀಸಲು, ಬಳಕೆದಾರರು ಅದನ್ನು ಮುಟ್ಟೋ ಹಾಗಿಲ್ಲ. ಸಣ್ಣ ಕೆಲಸಕ್ಕೆ ಬೇಗ ಸರದಿ, ಜಾಸ್ತಿ ಹೊತ್ತು ತಿನ್ನೋ ಕೆಲಸ ಕೆಳಗಿನ ಸಾಲಿಗೆ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳ್ಬೇಕು. 2020ರಲ್ಲಿ ನಮ್ಮನೇಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ನನಗೂ ತಮ್ಮನಿಗೂ ಆನ್‌ಲೈನ್ ಕ್ಲಾಸ್. "ಅವಂದು ಎರಡೇ ನಿಮಿಷ ಕಣೇ, ಕೊಡು" ಅಂತ ಅಮ್ಮ. ಎರಡು ನಿಮಿಷ ಅಟೆಂಡೆನ್ಸ್, ಇನ್ನೆರಡು ನಿಮಿಷ ಹೋಂವರ್ಕ್ ಫೋಟೋ. ಅಷ್ಟರಲ್ಲಿ ನನ್ನ ಗಣಿತದ ಕ್ಲಾಸೇ ಮುಗಿದಿರ್ತಿತ್ತು. ಆ ವರ್ಷದ ಬೀಜಗಣಿತ ಇವತ್ತಿಗೂ ನಂಗೆ ಸರಿಯಾಗಿ ಬರಲ್ಲ. ಸಣ್ಣ ಕೆಲಸಗಳೇ ಬರ್ತಾ ಇದ್ರೆ ದೊಡ್ಡ ಕೆಲಸಕ್ಕೆ ಸರದಿಯೇ ಸಿಗದೇ ಇರೋದಕ್ಕೆ ಸ್ಟಾರ್ವೇಶನ್ ಅಂತ ಹೆಸರಿದೆ ಅಂತ ರೂಮ್‌ಮೇಟ್ ನೋಟ್ಸ್ ನೋಡಿದಾಗ ಗೊತ್ತಾಯ್ತು. ಪರಿಹಾರಾನೂ ಅಲ್ಲೇ ಇತ್ತು: ತುಂಬ ಹೊತ್ತು ಕಾದವರನ್ನು ಮೇಲಿನ ಸಾಲಿಗೆ ತರೋದು, ಅದು ಏಜಿಂಗ್. ಅಮ್ಮನಿಗೆ ಆಗ ಯಾರೂ ಹೇಳಿರಲಿಲ್ಲ.

ಹಂಚಿಕೊಳ್ಳೋದು ಅಂದ್ಮೇಲೆ ಜಗಳಾನೂ ಇರುತ್ತೆ. ಯಾರ ಫೈಲು ಯಾರದ್ದು, ಯಾರು ಎಷ್ಟು ಹೊತ್ತು ಬಳಸಿದ್ರು ಅಂತ ಲೆಕ್ಕ ಇಡೋಕೆ ಸಿಟಿಎಸ್‌ಎಸ್‌ನಲ್ಲಿ ಪಾಸ್‌ವರ್ಡ್ ತಂದ್ರು. ಅಲನ್ ಶೆರ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿಗೆ ವಾರಕ್ಕೆ ಸಿಗ್ತಿದ್ದದ್ದು 4 ಗಂಟೆ. ಸಾಕಾಗಲಿಲ್ಲ. 1962ರಲ್ಲಿ ಅವರು ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಖಾತೆಯಲ್ಲಿ ಕೆಲಸ ಮಾಡಿದ್ರು! ಎಷ್ಟೋ ವರ್ಷ ಆದ್ಮೇಲೆ ತಾವೇ ಒಪ್ಪಿಕೊಂಡ್ರು.

ಇನ್ನೊಂದು, 1966ರದ್ದು. ಇಬ್ಬರು ನಿರ್ವಾಹಕರು ಒಂದೇ ಹೊತ್ತಲ್ಲಿ ಎರಡು ಫೈಲು ತಿದ್ದುತ್ತಿದ್ರು. ಒಂದು ದಿನದ ಪ್ರಕಟಣೆ, ಇನ್ನೊಂದು ಪಾಸ್‌ವರ್ಡ್ ಪಟ್ಟಿ. ಎಡಿಟರ್ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಫೈಲು ಬಳಸ್ತಿತ್ತು. ಅದಲು ಬದಲಾಯ್ತು. ಲಾಗಿನ್ ಆದ ಎಲ್ಲರ ಮುಂದೆ ಪ್ರಕಟಣೆ ಬದಲು ಎಲ್ಲರ ಪಾಸ್‌ವರ್ಡ್! ಒಬ್ಬರಿಗೆ ಅಂತ ಬರೆದ ಪ್ರೋಗ್ರಾಂ ಇಬ್ಬರ ಕೈಗೆ ಸಿಕ್ಕಿದ್ರೆ ಹೀಗಾಗುತ್ತೆ. ಮ್ಯೂಚುವಲ್ ಎಕ್ಸ್‌ಕ್ಲೂಷನ್ ಯಾಕೆ ಓದಬೇಕು ಅಂತ ಕೇಳೋರಿಗೆ ಇದೊಂದು ಉದಾಹರಣೆ ಸಾಕು.

ಕಾರ್ಬಟೊಗೆ 1990ರ ಟ್ಯೂರಿಂಗ್ ಪ್ರಶಸ್ತಿ ಬಂತು. 2019ರಲ್ಲಿ ತೀರಿಕೊಂಡ್ರು.

ಈಗ ಈ ಕ್ಯಾಪ್ಷನ್ ಓದ್ತಿರೋ ನಿಮ್ಮ ಫೋನಿನಲ್ಲೂ ಹತ್ತಾರು ಪ್ರೋಗ್ರಾಂಗಳು ಸರದಿಗೆ ಕಾಯ್ತಿವೆ. ಯಾರಿಗೆ ಮೊದಲು, ಯಾರು ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ಯಾರೋ ಕೂತು ಬರೆದಿದ್ದಾರೆ. ಓಎಸ್ ಓದೋರು ನಾಳೆ ಅದನ್ನ ಬರೆಯೋರು. ಕೆಳಗಿನ ಸಾಲಲ್ಲಿ ಕಾಯ್ತಿರೋರನ್ನ ಮರೀಬೇಡಿ.

ನಿಮ್ಮನೇಲೂ ಒಂದೇ ಫೋನ್ ಹಂಚಿಕೊಂಡಿದ್ರಾ? ಯಾರ ಕ್ಲಾಸ್ ತಪ್ಪಿಹೋಯ್ತು? ಕಮೆಂಟಲ್ಲಿ ಹೇಳಿ. ಭಾಗ 3ರಲ್ಲಿ ಯುನಿಕ್ಸ್ ಹುಟ್ಟಿದ ಕಥೆ.

#ಓಎಸ್‌ಕಥೆ #ಕನ್ನಡದಲ್ಲಿ_ಕಂಪ್ಯೂಟರ್ #ಇತಿಹಾಸ