ಇಮೇಲ್ ಸೋಸುವಿಕೆಯಲ್ಲಿ ತಪ್ಪು ತಡೆ

ಪಡೆಯುವವರಿಗೆ ಬೇಕಾಗಿದ್ದ ಸಾಚಾ ಇಮೇಲನ್ನು ಸೋಸುವ ತಂತ್ರಾಂಶವು ಸ್ಪ್ಯಾಮ್, ಅಂದರೆ ಕೇಳದೆ ಸಗಟಾಗಿ ಬರುವ ಸಂದೇಶ, ಎಂದು ಬಗೆದು ಬೇರೆ ಫೋಲ್ಡರಿಗೆ ತಳ್ಳುವುದನ್ನು ತಪ್ಪು ತಡೆ ಎನ್ನಬಹುದು. ಒಳನುಸುಳಿದ ಸ್ಪ್ಯಾಮನ್ನು ಓದುಗರು ಕಂಡು ಅಳಿಸಬಲ್ಲರು. ಸಾಚಾ ಪತ್ರ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರುವುದು ಬರೆದವರಿಗೂ ಪಡೆಯಬೇಕಾದವರಿಗೂ ತಿಳಿಯುವುದಿಲ್ಲವಾದ್ದರಿಂದ, ಎರಡು ತಪ್ಪುಗಳಲ್ಲಿ ಇದೇ ಹೆಚ್ಚು ಹಾನಿಕರ.

ಪದಗಳ ಸಂಭವನೀಯತೆಯನ್ನು ಲೆಕ್ಕಹಾಕಿ ಸ್ಪ್ಯಾಮ್ ಗುರುತಿಸುವ ವಿಧಾನವನ್ನು 2002ರಲ್ಲಿ ಜನಪ್ರಿಯಗೊಳಿಸಿದ ಪಾಲ್ ಗ್ರಹಾಂ, ಈ ಅಪಾಯವನ್ನು ಅರಿತೇ, ಒಳ್ಳೆಯ ಪತ್ರಗಳಲ್ಲಿ ಕಂಡ ಪದಗಳ ಎಣಿಕೆಯನ್ನು ಇಮ್ಮಡಿಗೊಳಿಸಿದ್ದರು. ಇಂದಿನ ಸೋಸುವ ವ್ಯವಸ್ಥೆಗಳು ಪದಗಳ ಜೊತೆಗೆ ಕಳುಹಿಸಿದವರ ಗುರುತನ್ನೂ ತೂಗುತ್ತವೆ. ಒಂದು ಡೊಮೇನಿನ ಪರವಾಗಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂಬ ಘೋಷಣೆ ಎಸ್‌ಪಿಎಫ್. ಪತ್ರ ದಾರಿಯಲ್ಲಿ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಸಹಿ ಡಿಕಿಮ್. ಇವು ತಾಳೆಯಾಗದಿದ್ದಾಗ ಏನು ಮಾಡಬೇಕೆಂಬ ಸೂಚನೆ ಡಿಮಾರ್ಕ್. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಸಂದೇಶ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ ಕಡ್ಡಾಯಗೊಳಿಸಿತು. ಸರ್ವರಿನ ಹೆಸರೂ ಲೆಕ್ಕಕ್ಕೆ ಬರುವುದರಿಂದ, ಅಗ್ಗದ ಹಂಚಿಕೆಯ ಸರ್ವರಿನಿಂದ ಪತ್ರ ಬರೆಯುವ ಚಿಕ್ಕಮಗಳೂರಿನ ಹೋಂಸ್ಟೇಯಾಗಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಆಗಲಿ, ಅದೇ ಸರ್ವರಿನಲ್ಲಿರುವ ಅಪರಿಚಿತರು ಗಳಿಸಿದ ಕೆಟ್ಟ ಹೆಸರಿನ ಫಲವನ್ನು ಅನುಭವಿಸಬೇಕಾಗುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿ ಮುಂದೆ ಹೋಗುವ ಪತ್ರವೂ ಎಸ್‌ಪಿಎಫ್ ಪರೀಕ್ಷೆಯಲ್ಲಿ ಸೋಲಬಹುದು.

ಕನ್ನಡ ಪತ್ರಗಳಿಗೆ ಇನ್ನೊಂದು ತೊಡಕಿದೆ. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಒಳಗೊಂಡಿದ್ದರೂ, ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಠ್ಯವು ಆ ಫಾಂಟು ಇಲ್ಲದೆಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅಂಥ ರಾಶಿಯನ್ನು ಯಂತ್ರವು ಶಂಕಿಸಿದರೆ ಆಶ್ಚರ್ಯವಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ ಹಿನ್ನೆಲೆಯಲ್ಲಿ ನೋಡಿದರೆ, ಅಕ್ಷರಗಳ ಏಕರೂಪತೆ ಅಲಂಕಾರದ ಮಾತಲ್ಲ, ಪತ್ರ ತಲುಪುವ ಪ್ರಶ್ನೆ ಎಂಬುದು ಸ್ಪಷ್ಟವಾಗುತ್ತದೆ.

ಕಾಫಿ ವ್ಯಾಪಾರದ ಪತ್ರಗಳಿಗೂ ತಪ್ಪು ತಡೆಯ ಅಪಾಯವಿದೆ. ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಅರಣ್ಯನಾಶ ತಡೆಗೆ ಐರೋಪ್ಯ ಒಕ್ಕೂಟ 2023ರಲ್ಲಿ ರೂಪಿಸಿದ ನಿಯಮವು ತೋಟದ ಭೂನಿರ್ದೇಶಾಂಕಗಳನ್ನು ಕೇಳುವುದರಿಂದ, ಬೆಳೆಗಾರ ಮತ್ತು ಖರೀದಿದಾರರ ನಡುವಿನ ಪತ್ರಗಳಲ್ಲಿ ಕಡತಗಳೂ ಕೊಂಡಿಗಳೂ ಹೆಚ್ಚುತ್ತವೆ. ಸೋಸುವ ಯಂತ್ರ ಎಚ್ಚರದಿಂದ ನೋಡುವುದೂ ಇವುಗಳನ್ನೇ. ಜಿಮೇಲ್ ಸ್ಪ್ಯಾಮ್ ಫೋಲ್ಡರಿನ ಪತ್ರಗಳನ್ನು 30 ದಿನಗಳ ಬಳಿಕ ಅಳಿಸಿಹಾಕುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ಕಳಸದಂಥ ಕಡೆ ಈ ಅವಧಿ ದೊಡ್ಡದೇನಲ್ಲ.

ಪತ್ರ ಕಣ್ಣಿಗೆ ಬೀಳದೆ ಆಗುವ ನಷ್ಟವನ್ನು ಕಾನೂನು ಪಡೆಯುವವರ ಮೇಲೆಯೇ ಹೊರಿಸುವ ಸಂಭವವಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪಡೆಯುವವರು ಗೊತ್ತುಪಡಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ದಾಖಲೆ ಪ್ರವೇಶಿಸಿದಾಗಲೇ ಅದು ತಲುಪಿದಂತೆ. ಓದಿರಬೇಕೆಂಬ ಷರತ್ತು ಅಲ್ಲಿಲ್ಲ. ಕೇಂದ್ರ ಜಿಎಸ್‌ಟಿ ಅಧಿನಿಯಮ, 2017ರ 169ನೇ ಕಲಮು ನೋಂದಣಿಯಲ್ಲಿ ಕೊಟ್ಟ ಇಮೇಲ್ ವಿಳಾಸಕ್ಕೆ ಕಳುಹಿಸಿದ ನೋಟಿಸನ್ನು ಜಾರಿಯ ಕ್ರಮಬದ್ಧ ವಿಧಾನಗಳಲ್ಲಿ ಒಂದಾಗಿ ಎಣಿಸುತ್ತದೆ. ಹೀಗಿರುವಾಗ ಕಚೇರಿಗಳು ಗಡುವಿರುವ ಪತ್ರವನ್ನು ಇಮೇಲಿಗಷ್ಟೇ ಬಿಡದೆ ಎಸ್‌ಎಂಎಸ್ ಅಥವಾ ಅಂಚೆಯಲ್ಲೂ ತಿಳಿಸುವುದು ನ್ಯಾಯ. ಬೆಳೆಗಾರರೂ ಹೋಂಸ್ಟೇ ನಡೆಸುವವರೂ ವಾರಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರನ್ನು ತೆರೆದು, ಬೇಕಾದ ಪತ್ರಗಳನ್ನು ಸ್ಪ್ಯಾಮ್ ಅಲ್ಲವೆಂದು ಗುರುತಿಸಿ, ಆ ವಿಳಾಸಗಳನ್ನು ಸಂಪರ್ಕಪಟ್ಟಿಗೆ ಸೇರಿಸಿಕೊಳ್ಳಬೇಕು.